ಪುಡಿ ಕಲಸಿದ ಕೈ

ನೀರು ಕೊಡುವಾಗ ದೇವರು ಮೇಲು ಕೀಳು ನೋಡುವುದಿಲ್ಲ. ಮುಳುಗಿಸುವಾಗಲೂ ನೋಡುವುದಿಲ್ಲ. ನೋಡುವುದೆಲ್ಲ ಆಮೇಲೆ, ದಡ ಹತ್ತಿದ ಮನುಷ್ಯರು.

ಹೊಳೆ ಊರಿಗೆ ನುಗ್ಗಿದ ದಿನ ಜವಳಿ ಅಂಗಡಿ ಯಜಮಾನರ ಮನೆಗೂ ಎದೆಮಟ್ಟ ನೀರು ಬಂತು, ಚರಂಡಿ ಬಳಿಯುವವರ ಗುಡಿಸಲಿಗೂ ಎದೆಮಟ್ಟ ನೀರು ಬಂತು. ಎಲ್ಲರೂ ಒಂದೇ ದಿಬ್ಬ ಹತ್ತಿದರು. ದಿಬ್ಬದ ಮೇಲೆ ಶಾಲೆ. ಹತ್ತುವಾಗ ಒಬ್ಬರ ಕೈ ಒಬ್ಬರು ಹಿಡಿದಿದ್ದರು. ಯಾರ ಕೈ ಯಾರದೆಂದು ಆಗ ಯಾರೂ ಕೇಳಲಿಲ್ಲ. ಮೇಲೆ ಬಂದು, ಉಸಿರು ಹತೋಟಿಗೆ ಸಿಕ್ಕ ಮೇಲೆ, ಹಿಡಿದ ಕೈಯನ್ನು ನೋಡಿ ಬಿಟ್ಟರು.

ಕೋಣೆಗಳು ಊರವರಿಗೆ. ಹಿತ್ತಲಿನ ಸೈಕಲ್ ಶೆಡ್ಡು ಚರಂಡಿಯವರಿಗೆ. ಹನ್ನೊಂದು ಸಂಸಾರ. ಮೇಲೆ ತಗಡು, ಹಿಂದೆ ಒಂದು ಗೋಡೆ, ಮೂರು ಕಡೆ ಬಯಲು. ಹೀಗೆ ಹಂಚಿದವರು ಯಾರು? ಯಾರೂ ಹಂಚಲಿಲ್ಲ. ಅವರವರ ಕಾಲು ಅವರವರನ್ನು ಅಲ್ಲಲ್ಲಿಗೆ ಒಯ್ದವು. ತಲೆತಲಾಂತರದಿಂದ ಒಂದೇ ದಾರಿ ತುಳಿದ ಕಾಲಿಗೆ ಪ್ರವಾಹದಲ್ಲೂ ದಾರಿ ತಪ್ಪುವುದಿಲ್ಲ.

ಆ ಹನ್ನೊಂದರಲ್ಲಿ ಪುಡಿಯಮ್ಮನ ಸಂಸಾರವೂ ಒಂದು. ಗಂಡ ಮ್ಯಾನ್‌ಹೋಲಿಗೆ ಇಳಿದವನು ಮೇಲೆ ಬಂದಿರಲಿಲ್ಲ. ಈಗ ಇದ್ದವರು ಎಂಟು ತಿಂಗಳ ಬಸುರಿ ಮಗಳು, ಅಳಿಯ, ಗಂಡ ಬಿಟ್ಟ ತಂಗಿ. ಹೆತ್ತವರು ಅವಳಿಗೆ ಬೇರೆ ಹೆಸರಿಟ್ಟಿದ್ದರು. ಚರಂಡಿ ಬದಿಗೆ ಬ್ಲೀಚಿಂಗ್ ಪುಡಿ ಚೆಲ್ಲುತ್ತ ಹೋಗುವವಳನ್ನು ಊರ ಮಕ್ಕಳು ಪುಡಿಯಮ್ಮ ಎಂದು ಕೂಗಿದವು. ದೊಡ್ಡವರೂ ಹಾಗೇ ಅಂದರು. ಕೊನೆಗೆ ಪಗಾರದ ಪುಸ್ತಕದಲ್ಲೂ ಹಾಗೇ ಬರೆದರು. ಇಪ್ಪತ್ತಾರು ವರ್ಷ ಪುಡಿ ಚೆಲ್ಲಿದ ಬೆರಳುಗಳ ತುದಿ ಬಿಳಚಿ ಬಿರುಕುಬಿಟ್ಟಿದ್ದವು. ಕಣ್ಣು ಸದಾ ಕೆಂಪು. ಎಷ್ಟು ಮೈ ತೊಳೆದರೂ ಪುಡಿಯ ಘಾಟು ಹೋಗದು. ಅವಳು ಬೀದಿಯ ತಿರುವಿನಲ್ಲಿ ಇರುವಾಗಲೇ ಜನ ಮೂಗಿಗೆ ಬಟ್ಟೆ ಹಿಡಿಯುತ್ತಿದ್ದರು.

ಊರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಊರ ದೊಡ್ಡ ಟ್ಯಾಂಕಿನ ವಾಟರ್‌ಮನ್‌ಗೆ ದಮ್ಮು. ಪುಡಿಯ ಘಾಟು ತಾಗಿದರೆ ಎದೆ ಹಿಡಿಯುತ್ತಿತ್ತು. "ನನ್ನ ಬದಲು ನೀನು ಹತ್ತು. ಬಾಯಿ ಬಿಟ್ಟೀಯ, ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆ" ಅಂದಿದ್ದ. ಪುಡಿಯಮ್ಮ ಹತ್ತಿದಳು. ಬೆಳಕು ಹರಿಯುವ ಮುಂಚೆ, ತೊಂಬತ್ತೆರಡು ಕಬ್ಬಿಣದ ಮೆಟ್ಟಿಲು, ಕೈಯಲ್ಲಿ ಬಕೆಟ್ಟು. ಮೇಲೆ ನಿಂತು ಮುಚ್ಚಳ ಸರಿಸಿ, "ತಾಯಿ, ಕುಡಿದವರ ಹೊಟ್ಟೆ ತಣ್ಣಗಿಡು" ಎಂದು ಹೊಯ್ಯುತ್ತಿದ್ದಳು. ಹದಿಮೂರು ವರ್ಷ. ಹೋದ ವರ್ಷ ವಾಟರ್‌ಮನ್ ತೀರಿಕೊಂಡ. ಹೊಸಬ ಬಂದ. ಅವಳ ಮೆಟ್ಟಿಲು ನಿಂತಿತು. ಆ ನೀರು ಕುಡಿದು ಬೆಳೆದ ಊರು, ಅವಳು ಎದುರಾದರೆ ಮಗ್ಗುಲಿಗೆ ಸರಿಯುವುದನ್ನು ನಿಲ್ಲಿಸಲಿಲ್ಲ.

ಶಾಲೆಯ ಅಂಗಳದ ತಗ್ಗು ಮೂಲೆಯಲ್ಲಿ ಒಂದು ಬಾವಿ. ಹೊಳೆ ಅದರ ಕಟ್ಟೆಯ ಮೇಲೆ ಹರಿದು ಇಳಿದುಹೋಗಿತ್ತು. ಎರಡನೆಯ ದಿನ ಯಜಮಾನರು ಶೆಡ್ಡಿಗೆ ಹೇಳಿಕಳಿಸಿದರು. ಅಳಿಯನೂ ಇನ್ನು ಮೂವರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಉಬ್ಬಿದ ಆಡೊಂದನ್ನು ಎತ್ತಿದರು. ಚಪ್ಪಲಿ, ಹಾಸಿಗೆ, ಬುಟ್ಟಿಗಟ್ಟಲೆ ರಾಡಿ. ಸಂಜೆಯವರೆಗೆ ಮುಳುಗಿ ಎದ್ದರು. ಅಳಿಯ ಮೇಲೆ ಬಂದು ಪಿತ್ತದ ತನಕ ವಾಂತಿ ಮಾಡಿದ. ಮರುದಿನ ನೀರು ತಿಳಿಯಾಯಿತು. ಡೀಸೆಲ್ ಪಂಪು ಹಚ್ಚಿ ಅಂಗಳದ ಕಪ್ಪು ಟ್ಯಾಂಕಿಗೆ ಏರಿಸಿದರು. ಸಾವಿರ ಲೀಟರಿನ ಟ್ಯಾಂಕು.

ಅದೇ ಹೊತ್ತಿಗೆ ನರ್ಸಮ್ಮ ದೋಣಿಯಲ್ಲಿ ಬಂದಳು. ಮೊಣಕಾಲತನಕ ಕೆಸರು, ಎರಡು ದಿನ ನಿದ್ದೆಗೆಟ್ಟ ಮುಖ. ಕಂಕುಳಲ್ಲಿ ಪುಡಿಯ ಡಬ್ಬಿ.

"ಈ ನೀರಿಗೆ ಏನು ಹಾಕಿದ್ದೀರಿ?"

"ಹಾಕೋದೇನು? ಕನ್ನಡಿ ಹಾಗಿದೆ, ನೋಡಿ" ಎಂದರು ಯಜಮಾನರು.

"ಕನ್ನಡಿಯಲ್ಲಿ ರೋಗ ಕಾಣೋಲ್ಲ ಯಜಮಾನ್ರೆ. ಊರಿನ ಕಕ್ಕಸೆಲ್ಲ ಕರಗಿ ಈ ಬಾವಿಗೆ ಇಳಿದಿದೆ. ಕುದಿಸೋಕೆ ಸೌದೆ ಇದೆಯಾ?"

ಇರಲಿಲ್ಲ. ಇದ್ದ ಒದ್ದೆ ಸೌದೆ ಅಡುಗೆಗೇ ಸಾಲದು.

"ಸರಿ, ಈ ಪುಡಿ ಹಾಕೋಕೆ ಬರೋರು ಯಾರಿದೀರಿ?"

ಹೆಡ್‌ಮಾಸ್ತರು ಡಬ್ಬಿಯ ಮೇಲಿನ ಅಕ್ಷರ ಓದುವವರಂತೆ ಬಗ್ಗಿದರು. ಗುಂಪಿನ ಹಿಂದಿನಿಂದ ಒಂದು ದನಿ ಬಂತು.

"ನನಗೆ ಬರುತ್ತೆ."

ಗುಂಪು ಎರಡಾಗಿ ಸರಿಯಿತು, ದಾರಿ ಬಿಡುವುದಕ್ಕಲ್ಲ, ತಾಗದಿರಲು. ಪುಡಿಯಮ್ಮ ನಡುವೆ ನಿಂತಳು.

"ಹೇಳಿ ನೋಡೋಣ" ಎಂದಳು ನರ್ಸಮ್ಮ.

"ಪುಡಿಗೆ ಜೀವ ಇದೆಯಾ ಅಂತ ಮೊದಲು ನೋಡಬೇಕು. ಘಾಟು ಮೂಗಿಗೆ ಹೊಡೆದರೆ ಜೀವ ಇದೆ. ಗಾಳಿಗೆ ಬಿಟ್ಟಿದ್ದರೆ ಬರೀ ಸುಣ್ಣ, ಸತ್ತ ಪುಡಿ. ನೇರ ಟ್ಯಾಂಕಿಗೆ ಸುರೀಬಾರದು. ಬಕೆಟ್ಟಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹೊಯ್ಯಬೇಕು. ಒಳ್ಳೇ ನೀರಾದರೆ ಸಾವಿರ ಲೀಟರಿಗೆ ಒಂದು ಚಮಚ ಸಾಕು. ಹೊಳೆ ಸೇರಿದ ನೀರಿಗೆ ನಾಲ್ಕು ಬೇಕು. ಅರ್ಧ ಗಂಟೆ ಯಾರೂ ಮುಟ್ಟಬಾರದು. ಆಮೇಲೆ ಮೂಗಿಗೆ ಚೂರು ಗೊತ್ತಾಗಬೇಕು, ನಾಲಿಗೆ ಸುಡಬಾರದು. ಮೂಗಿಗೂ ಗೊತ್ತಾಗಲಿಲ್ಲ ಅಂದರೆ ಕೊಳೆ ಪುಡೀನ ತಿಂದುಹಾಕಿದೆ ಅಂತ. ಮತ್ತೆ ಸ್ವಲ್ಪ ಹಾಕಬೇಕು."

ನರ್ಸಮ್ಮ ನಕ್ಕಳು. ಮೂರು ದಿನದಲ್ಲಿ ಆ ಅಂಗಳದಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. "ನನಗೆ ಪಾಠ ಹೇಳಿದ ಡಾಕ್ಟರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಎಲ್ಲಿ ಕಲಿತಿರಿ?"

"ಕೆಲಸದಲ್ಲಿ."

ಪುಡಿಯಮ್ಮ ಕಲಸಿದಳು, ತಿಳಿ ಇಳಿಸಿದಳು, ಏಣಿ ಹತ್ತಿ ಹೊಯ್ದಳು, ಕೋಲಿನಿಂದ ಕದಡಿದಳು. ಹಗಲಿನಲ್ಲಿ, ಜನರ ಎದುರು, ಜೀವನದಲ್ಲಿ ಮೊದಲ ಸಲ. ನರ್ಸಮ್ಮ ಉಪ್ಪುಸಕ್ಕರೆಯ ಪೊಟ್ಟಣಗಳನ್ನು ಹೆಡ್‌ಮಾಸ್ತರಿಗೆ ಕೊಟ್ಟು, "ಭೇದಿ ಆದವರಿಗೆ ಈ ಟ್ಯಾಂಕಿನ ನೀರಲ್ಲಿ ಬೆರೆಸಿ ಕುಡಿಸಿ" ಎಂದಳು. ಪುಡಿಯ ಡಬ್ಬಿಯನ್ನು ಪುಡಿಯಮ್ಮನ ಕೈಗೆ ಇಟ್ಟಳು. "ಇದು ನಿಮ್ಮ ಹತ್ತಿರವೇ ಇರಲಿ." ಇನ್ನೂ ಐದು ದಿಬ್ಬಗಳಲ್ಲಿ ಜನರಿದ್ದರು. ನಾಲ್ಕು ದಿನ ಬಿಟ್ಟು ಬರುತ್ತೇನೆಂದು ದೋಣಿ ಹತ್ತಿದಳು.

ದೋಣಿ ಕಣ್ಣಿಗೆ ಮರೆಯಾಯಿತು. ಅರ್ಧ ಗಂಟೆ ಕಳೆಯಿತು. ಯಜಮಾನರ ಸೊಸೆ ಮೊದಲ ಲೋಟ ಹಿಡಿದು ಬಾಯಿಗೆ ತಂದವಳು ಕೆಳಗಿಳಿಸಿದಳು.

"ಮಾವಾ, ಇದು ಚರಂಡಿ ವಾಸನೆ."

ಒಬ್ಬೊಬ್ಬರೇ ಮೂಸಿದರು. ಹೌದು, ಚರಂಡಿ ವಾಸನೆ. ಆ ವಾಸನೆಯನ್ನು ಅವರು ಕಂಡದ್ದು ಒಂದೇ ಜಾಗದಲ್ಲಿ, ಚರಂಡಿಯ ಬದಿಯಲ್ಲಿ, ಪುಡಿಯಮ್ಮನ ಮೈಮೇಲೆ. ಊರ ನಲ್ಲಿಗೆ ಬರುವಷ್ಟರಲ್ಲಿ ಅದು ಪೈಪಿನಲ್ಲೇ ಕಳೆದುಹೋಗುತ್ತಿತ್ತು. ಕೊಳೆಯನ್ನು ಕೊಲ್ಲುವ ವಾಸನೆಯನ್ನು ಅವರು ಕೊಳೆಯ ವಾಸನೆ ಎಂದೇ ತಿಳಿದಿದ್ದರು. ಔಷಧಿಯನ್ನು ರೋಗವೆಂದರು. ಮೇಲಾಗಿ, ಹಾಕಿದವಳು ಯಾರೆಂದು ಎಲ್ಲರೂ ಕಣ್ಣಾರೆ ಕಂಡಿದ್ದರು.

ಯಜಮಾನರು ಪುಡಿಯಮ್ಮನನ್ನು ಕರೆಸಿದರು. ಅವರು ಕೂಗಾಡುವವರಲ್ಲ. ಅಂಗಡಿಯಲ್ಲಿ ಗಿರಾಕಿಯ ಮುಂದೆ ಬಟ್ಟೆಯ ಥಾನು ಬಿಚ್ಚಿದಂತೆ ಮಾತು ಬಿಚ್ಚುವವರು.

"ನೋಡು ತಾಯಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೇದಕ್ಕೇ ಮಾಡಿದೀಯ. ಆದರೆ ಜನರ ಮನಸ್ಸು ಒಪ್ಪಬೇಕಲ್ಲ. ಹೇಸಿಗೆ ಅನ್ನೋದು ಹೇಳಿ ಕೇಳಿ ಬರೋದಲ್ಲ. ನೀನು ಒಳಗೆ ಕೈ ಅದ್ದಿದೀಯ."

"ಕೈ ಅದ್ದಿಲ್ಲ ಯಜಮಾನ್ರೆ. ಕೋಲಲ್ಲಿ ಕದಡಿದೆ."

"ಕೋಲು ಹಿಡಿದ ಕೈ ಯಾವುದು?"

ಹಿಂದೆ ನಿಂತಿದ್ದ ತಂಗಿಗೆ ತಡೆಯಲಾಗಲಿಲ್ಲ. ಅವಳ ನಾಲಿಗೆಗೆ ಮೂಳೆ ಇಲ್ಲವೆಂದು ಶೆಡ್ಡಿನವರೇ ಹೇಳುತ್ತಿದ್ದರು. "ಬಾವಿಯಿಂದ ಸತ್ತ ಆಡು ಎತ್ತಿದ ಕೈ ಯಾವುದು ಯಜಮಾನ್ರೆ? ನಾಲ್ಕು ಆಳು ಮೈಪೂರ್ತಿ ಮುಳುಗಿದ್ದರಲ್ಲ, ಆಗ ಬರಲಿಲ್ವಾ ಹೇಸಿಗೆ? ನಿಮ್ಮ ಹೇಸಿಗೆ ಏನು, ಕರೆದಾಗ ಬರೋ ನಾಯೀನಾ?"

"ಅದು ಕೆಲಸ" ಎಂದರು ಯಜಮಾನರು, ಶಾಂತವಾಗಿ. "ಇದು ಕುಡಿಯೋ ನೀರು."

ಅವರ ಅಂಗಡಿಯ ಆಳು ಹೋಗಿ ಟ್ಯಾಂಕಿನ ಕೊಳಾಯಿ ತಿರುಗಿಸಿದ. ಸಾವಿರ ಲೀಟರು ಅಂಗಳದ ಮೇಲೆ ಬಿತ್ತು.

ಪುಡಿಯಮ್ಮ ಕೊಡ ಹಿಡಿದು ಓಡಿದಳು. "ಚೆಲ್ಲಬೇಡಿ, ಚೆಲ್ಲಬೇಡಿ. ನಿಮಗೆ ಬೇಡವಾದರೆ ನಮಗೆ ಬಿಡಿ." ಬಗ್ಗಿ ಕೊಳಾಯಿಯ ಕೆಳಗೆ ಕೊಡ ಇಟ್ಟಳು. ಆಳು ಕಾಲಿನಿಂದ ಕೊಡವನ್ನು ಒದ್ದ. ಕೊಡ ಉರುಳಿತು. ಅವಳು ಮತ್ತೆ ಎತ್ತಿ ಇಟ್ಟಳು. ಅವನು ಕೊಡದ ಬಾಯಿಯ ಮೇಲೆ ಕೆಸರುಗಾಲಿಟ್ಟು ನಿಂತ. "ಕೊಳಾಯಿ ಮುಟ್ಟಬೇಡ. ದೂರ."

ಕಿಟಕಿಗಳಲ್ಲಿ ಮುಖಗಳಿದ್ದವು. ಅವಳು ಎದ್ದು ನಿಂತಳು. ನೀರು ಅವಳ ಪಾದದ ಮೇಲೆ ಹರಿದು, ಶೆಡ್ಡಿನ ಮುಂದೆ ಹಾದು, ಇಳಿಜಾರಿನಲ್ಲಿ ಹೊಳೆ ಸೇರಿತು. ಅಷ್ಟು ಶುದ್ಧವಾದ ನೀರಿನಲ್ಲಿ ಅವಳು ಹಿಂದೆಂದೂ ಕಾಲಿಟ್ಟಿರಲಿಲ್ಲ.

ಪಂಪು ಮತ್ತೆ ಗುಡುಗಿತು. ಟ್ಯಾಂಕು ತುಂಬಿತು. ಬಣ್ಣವಿಲ್ಲ, ವಾಸನೆಯಿಲ್ಲ. "ನೀರು ಅಂದರೆ ಇದು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಕುಡಿದರು.

ಶೆಡ್ಡಿಗೆ ಆ ಟ್ಯಾಂಕಿನ ನೀರು ಸಂಜೆ ಕೊನೆಗೆ ಬರಬೇಕಿತ್ತು. "ಬೇಡ" ಎಂದಳು ಪುಡಿಯಮ್ಮ. "ನಮ್ಮ ನೀರು ನಾವು ಮಾಡಿಕೊಳ್ಳೋಣ."

ಹೊಳೆ ಮೂರು ಡ್ರಮ್ಮುಗಳನ್ನು ದಿಬ್ಬಕ್ಕೆ ತಂದು ಹಾಕಿತ್ತು. ಅವಳು ಒಂದೊಂದರ ಒಳಗೂ ತಲೆ ತೂರಿಸಿ ಮೂಸಿದಳು. ಎರಡನ್ನು ಇಟ್ಟುಕೊಂಡಳು. ಮೂರನೆಯದನ್ನು ಉರುಳಿಸಿಬಿಟ್ಟಳು.

"ಅದೇ ಗಟ್ಟಿಮುಟ್ಟಾಗಿದೆಯಲ್ಲ ಅತ್ತೆ" ಎಂದ ಅಳಿಯ.

"ಬೆಳೆಗೆ ಹೊಡೆಯೋ ವಿಷದ್ದು. ಅದು ಕುದಿಸಿದರೂ ಹೋಗೋಲ್ಲ, ಪುಡಿ ಹಾಕಿದರೂ ಹೋಗೋಲ್ಲ. ಪುಡಿ ಕೊಲ್ಲೋದು ಜೀವ ಇರೋದನ್ನ. ವಿಷಕ್ಕೆ ಜೀವ ಎಲ್ಲಿದೆ?"

"ಯಜಮಾನ್ರ ಹಾಗೆ ಅನ್ನು" ಎಂದಳು ತಂಗಿ. ಶೆಡ್ಡು ನಕ್ಕಿತು. ಪುಡಿಯಮ್ಮ ನಗಲಿಲ್ಲ.

ಪುಡಿಯನ್ನೇ ಗಟ್ಟಿಯಾಗಿ ಕಲಸಿ ಡ್ರಮ್ಮುಗಳ ಒಳಗೆ ಉಜ್ಜಿದಳು. ಕೈಯ ಬಿರುಕುಗಳು ಉರಿದವು. ಮಳೆ ಬಂದಾಗ ತಗಡಿನ ಅಂಚಿಗೆ ಡ್ರಮ್ಮು ಹಿಡಿದರು. ಮೊದಲ ಹತ್ತು ನಿಮಿಷದ ನೀರನ್ನು ಬಿಟ್ಟರು, ತಗಡಿನ ಹಕ್ಕಿ ಹಿಕ್ಕೆ ತೊಳೆದುಹೋಗಲೆಂದು. ಮಳೆ ನಿಂತಾಗ ಹೊಳೆಯ ನೀರನ್ನೇ ಹೊತ್ತರು. ಇಳಿಜಾರಿನಲ್ಲಿ ಜಾರುತ್ತ, ಬೀಳುತ್ತ, ತಲೆಗೊಂದು ಸೊಂಟಕ್ಕೊಂದು. ಕೊಡಗಳಲ್ಲಿ ಇಟ್ಟು ಮಣ್ಣು ತಳ ಕೂರುವ ತನಕ ಕಾದರು. ಸೋಸಲು ತಂಗಿ ತನ್ನಲ್ಲಿದ್ದ ಒಂದೇ ಹೊಸ ಬಟ್ಟೆ ತಂದಳು. "ಅದು ಬೇಡ. ಒಗೆದು ಒಗೆದು ದಾರ ಉಬ್ಬಿದ ಹಳೇದು ತಾ. ಹೊಸದರ ಸಂದಿಯಲ್ಲಿ ಎಲ್ಲ ನುಸುಳುತ್ತೆ." ಹಳೇದಕ್ಕೆ ಶೆಡ್ಡಿನಲ್ಲಿ ಬರವಿರಲಿಲ್ಲ. ಎಂಟು ಮಡಿಕೆ ಮಾಡಿ ಕಟ್ಟಿದರು. ಡ್ರಮ್ಮಿಗೆ ತಲೆ ಸವರಿದ ಒಂದು ಚಮಚ ಪುಡಿಯ ತಿಳಿ. ಅರ್ಧ ಗಂಟೆ. ಅವಳು ಮೂಸಿ ತಲೆಯಾಡಿಸಿದ ಮೇಲೆಯೇ ಶೆಡ್ಡು ಕುಡಿಯಿತು.

ಒಂದು ದಿನ ಸುಮ್ಮನಿತ್ತು. ಅದರ ಮರುದಿನ ಕೋಣೆಗಳಲ್ಲಿ ಶುರುವಾಯಿತು.

ಮೊದಲು ಇಬ್ಬರು. ಮಧ್ಯಾಹ್ನಕ್ಕೆ ಒಂಬತ್ತು. ಮಾರನೆಯ ಬೆಳಗಾಗುವಾಗ ಎಣಿಸುವವರೂ ಮಲಗಿದ್ದರು. ವಾಂತಿ, ಭೇದಿ. ಇದ್ದ ಎರಡು ಕಕ್ಕಸು ತುಂಬಿ ಹರಿದವು. ಶೆಡ್ಡಿಗೆ ಕರೆ ಬಂತು, "ಬಕೆಟ್ಟು ತಗೊಂಡು ಬನ್ನಿ."

ಹೋದರು. ಯಾಕೆ ಹೋದರು ಎಂದು ಕೇಳುವವರಿಗೆ ಹಸಿವು ಗೊತ್ತಿಲ್ಲ. ದಿಬ್ಬದ ಮೇಲೆ ಊಟದ ಚೀಟಿ ಹಂಚುವುದು ಯಜಮಾನರ ಕೈಯಲ್ಲಿತ್ತು. ಪುಡಿಯಮ್ಮ, ತಂಗಿ, ಇನ್ನು ನಾಲ್ವರು ಹೆಂಗಸರು. ಬೆಂಚುಗಳ ಕೆಳಗೆ, ಮಲಗಿದವರ ಪಕ್ಕದಲ್ಲಿ, ಕೈಯಲ್ಲೇ ಬಳಿದರು. ಬಳಿದು ಹೊತ್ತರು. ಬಗ್ಗಿದ ಸೊಂಟ ಎತ್ತಲಿಲ್ಲ. ಮೂರನೆಯ ಕೋಣೆಯ ಮುದುಕರೊಬ್ಬರು ತೀರಿಕೊಂಡಿದ್ದರು. ಅವರನ್ನು ಎತ್ತಲಿಕ್ಕೂ ಇವರನ್ನೇ ಕರೆದರು.

ಕೊನೆಯ ಕೋಣೆಯಲ್ಲಿ ಯಜಮಾನರ ಮೊಮ್ಮಗಳು ಮಲಗಿದ್ದಳು. ಐದು ವರ್ಷದ ಹುಡುಗಿ. ಕಣ್ಣು ಒಳಗೆ ಹೋಗಿತ್ತು, ತುಟಿ ಒಣಗಿ ಸಿಪ್ಪೆಯೆದ್ದಿತ್ತು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ಪಕ್ಕದಲ್ಲಿ ತಾಯಿ ಲೋಟ ಹಿಡಿದು ಕೂತಿದ್ದಳು.

"ಪೊಟ್ಟಣ ಯಾವ ನೀರಲ್ಲಿ ಬೆರೆಸಿದಿರವ್ವಾ?"

"ಟ್ಯಾಂಕಿನ ನೀರಲ್ಲಿ."

"ಅದು ಬೇಡ. ಅದರಿಂದಲೇ ಬಂದದ್ದಕ್ಕೆ ಅದನ್ನೇ ಕುಡಿಸ್ತಿದೀರಿ. ನಮ್ಮ ಡ್ರಮ್ಮಿನ ನೀರಿದೆ, ತರಲಾ?"

ಸೊಸೆ ಬಾಯಿ ತೆರೆದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಸೊಸೆ ಬಾಯಿ ಮುಚ್ಚಿದಳು. ಪುಡಿಯಮ್ಮ ಬಕೆಟ್ಟು ಎತ್ತಿಕೊಂಡು ಹೊರಬಂದಳು.

ಶೆಡ್ಡಿನಲ್ಲಿ ಒಬ್ಬರಿಗೂ ಭೇದಿಯಾಗಿರಲಿಲ್ಲ. ಅದು ಕೋಣೆಗಳಿಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಮೊದಲು, "ಅವರೇ ಏನೋ ಹಾಕಿದ್ದಾರೆ" ಎಂದರು. ಆಮೇಲೆ, "ಅವರ ಮೈಯೇ ಬೇರೆ, ಕೊಳೆಗೆ ಪಳಗಿದ್ದು" ಎಂದರು. ಸಂಜೆಯಾಗುತ್ತಲೇ ಯಜಮಾನರೂ ಹೆಡ್‌ಮಾಸ್ತರೂ ಶೆಡ್ಡಿನ ಮುಂದೆ ಬಂದು ನಿಂತರು. ಒಳಗೆ ಬರಲಿಲ್ಲ. ತಡೆಯಲು ಬಾಗಿಲೂ ಇರಲಿಲ್ಲ, ಮುಂದೆ ಗೋಡೆಯೂ ಇರಲಿಲ್ಲ. ಆದರೂ ಬರಲಿಲ್ಲ.

"ತಾಯಿ, ಒಂದು ಉಪಕಾರ ಆಗಬೇಕು" ಎಂದರು ಯಜಮಾನರು. "ಟ್ಯಾಂಕಿಗೆ ಪುಡಿ ಹಾಕು. ನಾಳೆ ಬೆಳಕು ಹರಿಯೋ ಮುಂಚೆ ಬಾ. ಹಿಂದಿನಿಂದ ಬಂದು ಹಾಕಿ, ಹಿಂದಿನಿಂದಲೇ ಹೋಗು. ಹೆಡ್‌ಮಾಸ್ತರು ಹಾಕಿದರು ಅಂತ ಹೇಳ್ತೀವಿ. ಜನ ಕುಡೀತಾರೆ."

ಪುಡಿಯಮ್ಮ ಡಬ್ಬಿಯ ಮುಚ್ಚಳ ಬಿಗಿದಳು.

"ಸುಮ್ಮನೆ ಬೇಡ. ನಿನ್ನ ಮಗಳು ತುಂಬಿದ ಬಸುರಿ, ಈ ಚಳಿಗಾಳಿಯಲ್ಲಿ ಮಲಗ್ತಾಳೆ. ಉಗ್ರಾಣದ ಕೋಣೆ ಬಿಡಿಸಿಕೊಡ್ತೀನಿ. ಬಾಗಿಲಿದೆ, ಚಿಲಕ ಇದೆ."

ಬಾಗಿಲು, ಚಿಲಕ. ಪುಡಿಯಮ್ಮ ಮಗಳ ಕಡೆ ನೋಡಿದಳು. ಮಗಳು ತಗಡಿನ ಕಂಬಕ್ಕೆ ಒರಗಿ, ಒದ್ದೆ ಗೋಣಿಯನ್ನು ಹೊಟ್ಟೆಗೆ ಸುತ್ತಿಕೊಂಡು ಕೂತಿದ್ದಳು. ಅಳಿಯ ಅಪ್ರಯತ್ನವಾಗಿ ಒಂದು ಹೆಜ್ಜೆ ಮುಂದೆ ಬಂದ. "ಅತ್ತೆ..." ಎಂದ.

ತಂಗಿ ಕಿವಿಯ ಹತ್ತಿರ ಬಂದಳು. "ಬೇಡ ಅನ್ನು ಅಕ್ಕ. ಅನುಭವಿಸಲಿ. ಅವರ ನೀರು ಅವರ ಕರ್ಮ."

"ನೀರು ಕೇಳಿದವರಿಗೆ ಇಲ್ಲ ಅಂದ ಬಾಯಲ್ಲಿ ದೇವರ ಹೆಸರು ನಿಲ್ಲೋಲ್ಲ ಕಣೆ."

"ಹಾಗಾದರೆ ಹೋಗು. ಕತ್ತಲಲ್ಲಿ ಕಳ್ಳಿ ಹಾಗೆ ಹತ್ತು."

ಪುಡಿಯಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ತೊಂಬತ್ತೆರಡು ಮೆಟ್ಟಿಲು, ಹದಿಮೂರು ವರ್ಷ. ಪುಣ್ಯದ ಕೆಲಸವೆಂದು ತಿಳಿದಿದ್ದಳು. ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರಲ್ಲ, ಹಾಗೆಂದು. ಅಂದು ಮೊದಲ ಸಲ ಅವಳಿಗೆ ಬೇರೆ ತೋರಿತು. ಅವಳು ಮುಚ್ಚಿಟ್ಟದ್ದರಿಂದಲೇ ಅವರಿಗೆ ಆ ವಾಸನೆ ಏನೆಂದು ತಿಳಿಯಲಿಲ್ಲ. ತಿಳಿದಿದ್ದರೆ ಟ್ಯಾಂಕು ಚೆಲ್ಲುತ್ತಿರಲಿಲ್ಲವೇನೋ. ಮುದುಕರು ಬದುಕುತ್ತಿದ್ದರೇನೋ. ಕತ್ತಲಲ್ಲಿ ಮಾಡಿದ ಪುಣ್ಯದ ಫಲವನ್ನು ಇನ್ನೊಬ್ಬರ ಸುಳ್ಳು ಉಂಡಿತ್ತು.

"ಬರೋಲ್ಲ ಯಜಮಾನ್ರೆ" ಎಂದಳು.

"ಏನು?"

"ಕತ್ತಲಲ್ಲಿ ಬರೋಲ್ಲ. ಹಗಲಲ್ಲಿ ಮಾಡ್ತೀನಿ. ಎಲ್ಲರ ಮುಂದೆ. ಹಾಕಿದವಳು ನಾನು ಅಂತ ಗೊತ್ತಿದ್ದು ಕುಡೀಬೇಕು."

"ಜನ ಕುಡಿಯೋಲ್ಲ ಅಂತ ಹೇಳ್ತಿದೀನಲ್ಲ!"

"ಕುಡಿದಿದಾರೆ. ಹದಿಮೂರು ವರ್ಷ ಕುಡಿದಿದಾರೆ. ನಿಮ್ಮ ಊರ ದೊಡ್ಡ ಟ್ಯಾಂಕಿಗೆ ದಿನಾ ಪುಡಿ ಕಲಸಿ ಹೊಯ್ದವಳು ನಾನು. ವಾಟರ್‌ಮನ್ ಅಲ್ಲ. ನಿಮ್ಮ ಮಗನ ಮದುವೆ ದಿನವೂ ನಾನೇ ಹೊಯ್ದದ್ದು. ನಿಮ್ಮ ಮೊಮ್ಮಗಳು ಹುಟ್ಟಿದಾಗ ಬಾಯಿಗೆ ಬಿಟ್ಟ ಮೊದಲ ಹನಿಗೂ."

ಯಜಮಾನರ ಮುಖ ಬಿಳಿಚಿತು. "ಸುಳ್ಳು" ಎಂದು ಹೆಡ್‌ಮಾಸ್ತರ ಕಡೆ ತಿರುಗಿದರು. ಹೆಡ್‌ಮಾಸ್ತರು ನೆಲ ನೋಡುತ್ತಿದ್ದರು.

"ಸುಳ್ಳಲ್ಲ" ಎಂದರು ಮೆಲ್ಲಗೆ. "ನಾನು ಬೆಳಗ್ಗೆ ವಾಕಿಂಗ್ ಹೋಗ್ತೀನಲ್ಲ. ಮೆಟ್ಟಿಲ ಮೇಲೆ ನೋಡ್ತಿದ್ದೆ. ಹೇಳೋದು ಯಾಕೆ ಅಂತ ಸುಮ್ಮನಿದ್ದೆ."

"ನೀವೂ ಕುಡಿದಿರಿ" ಎಂದಳು ಪುಡಿಯಮ್ಮ.

"ಕುಡಿದೆ."

ಯಜಮಾನರ ಮಾತಿನ ಥಾನು ಮುಗಿದಿತ್ತು. "ಡಬ್ಬಿ ಕೊಡು" ಎಂದು ಕೈ ಚಾಚಿದರು. "ಸರ್ಕಾರದ್ದು ಅದು."

"ನರ್ಸಮ್ಮ ನನ್ನ ಕೈಗೆ ಕೊಟ್ಟದ್ದು. ಕೊಡೋಲ್ಲ." ಅವಳ ದನಿ ಏರಲಿಲ್ಲ. "ಕಿತ್ತುಕೊಳ್ಳಬೇಕು ಅಂದರೆ ನನ್ನನ್ನ ಮುಟ್ಟಬೇಕಾಗುತ್ತೆ."

ಚಾಚಿದ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಕೆಳಗಿಳಿಯಿತು. "ನಾಳೆಯಿಂದ ಶೆಡ್ಡಿಗೆ ಊಟದ ಚೀಟಿ ಇಲ್ಲ" ಎಂದು ಹೇಳಿ ಅವರು ಹೊರಟುಹೋದರು.

ಪುಡಿಯಮ್ಮ ಮಗಳ ಪಕ್ಕ ಕೂತಳು. ಜಾರಿದ ಗೋಣಿಯನ್ನು ಎಳೆದು ಹೊದಿಸಿದಳು. ಮಗಳೇ ಹೇಳಿದಳು. "ಕತ್ತಲಲ್ಲಿ ಕೊಟ್ಟ ಕೋಣೇನ ಬೆಳಗಾದ ಮೇಲೆ ಕಿತ್ತುಕೊಳ್ತಿದ್ದರು ಬಿಡವ್ವ. ನಂಗೆ ಈ ಗೋಣಿ ಸಾಕು."

ಬೆಳಿಗ್ಗೆ ಬಿಸಿಲು ಬಿತ್ತು. ಅಳಿಯನೂ ಉಳಿದವರೂ ಎರಡೂ ಡ್ರಮ್ಮುಗಳನ್ನು ಉರುಳಿಸಿಕೊಂಡು ಬಂದು ಅಂಗಳದ ನಟ್ಟನಡುವೆ, ಧ್ವಜದ ಕಂಬದ ಬುಡದಲ್ಲಿ ನಿಲ್ಲಿಸಿದರು. ಹೊಳೆಯಿಂದ ಐವತ್ತು ಕೊಡ ಹೊತ್ತರು. ಪುಡಿಯಮ್ಮ ಒಂದೊಂದನ್ನೂ ಕೂಗಿ ಹೇಳಿ ಮಾಡಿದಳು, ಕಥೆ ಹೇಳುವವರಂತೆ. "ಇದು ಹೊಳೆ ನೀರು, ನೋಡಿ, ತಳ ಕಾಣೋಲ್ಲ. ಈಗ ಮಣ್ಣು ಕೂತಿದೆ. ಈಗ ಸೋಸ್ತಿದೀನಿ. ಇದು ಪುಡಿ. ಇದು ಚಮಚ. ಇದು ನನ್ನ ಕೈ." ಕಿಟಕಿಗಳಲ್ಲಿ ಮುಖಗಳು ತುಂಬಿದವು. ಅರ್ಧ ಗಂಟೆ ಕಂಬದ ನೆರಳಿನಲ್ಲಿ ಕಣ್ಣು ಮುಚ್ಚಿ ಕೂತಳು. ಪ್ರಾರ್ಥಿಸುತ್ತಿದ್ದಳೋ, ಹೊತ್ತು ಎಣಿಸುತ್ತಿದ್ದಳೋ. ಎದ್ದು, ಒಂದು ಲೋಟ ತೆಗೆದು ಎಲ್ಲರೂ ನೋಡುವಂತೆ ಕುಡಿದಳು. ಉದ್ದ ಹಿಡಿಯ ಸೌಟೊಂದನ್ನು ಡ್ರಮ್ಮಿನ ಅಂಚಿಗೆ ತೂಗುಹಾಕಿದಳು.

"ನೀರಾಗಿದೆ. ಬೇಕಾದವರು ಪಾತ್ರೆ ತನ್ನಿ. ಸಾಲಲ್ಲಿ ಬನ್ನಿ. ಇಲ್ಲಿ ಸೋಪಿದೆ, ಕೈ ತೊಳ್ಕೊಳ್ಳಿ, ಸೌಟು ಹಿಡಿದು ನೀವೇ ತಗೊಳ್ಳಿ. ನಾನು ಯಾರ ಬಾಗಿಲಿಗೂ ಹೊತ್ತು ತರೋಲ್ಲ. ಯಾರ ಪಾತ್ರೆಗೂ ಮೇಲಿಂದ ಹೊಯ್ಯೋಲ್ಲ."

ಶೆಡ್ಡಿನವರು ಸಾಲು ನಿಂತರು. ಕೈ ತೊಳೆದರು, ತೆಗೆದುಕೊಂಡರು, ಹೋದರು. ಅಂಗಳ ಬರಿದಾಯಿತು. ಬಿಸಿಲು ಏರಿತು. ಕೋಣೆಗಳಿಂದ ಮಕ್ಕಳು ಅಳುವ ದನಿ ಕೇಳುತ್ತಿತ್ತು. ಅದೂ ಕಮ್ಮಿಯಾಗುತ್ತ ಬಂತು. ಅಳಲಿಕ್ಕೂ ಶಕ್ತಿ ಉಳಿದಿಲ್ಲವೆಂದು ಪುಡಿಯಮ್ಮನಿಗೆ ತಿಳಿಯಿತು. ಎರಡು ಸಲ ಅವಳ ಕೈ ಕೊಡದ ಕಡೆ ಹೋಯಿತು. ಎರಡೂ ಸಲ ತಂಗಿ ಆ ಕೈ ಹಿಡಿದಳು.

"ಮಕ್ಕಳು ಕಣೆ."

"ನಾವಾಗಿ ಒಯ್ದು ಕೊಟ್ಟರೆ ಚೆಲ್ತಾರೆ ಅಕ್ಕ. ನೀನೇ ನೋಡಿದೀಯ. ಇನ್ನು ಸ್ವಲ್ಪ ಹೊತ್ತು."

ಆಗ ಕೊನೆಯ ಕೋಣೆಯ ಬಾಗಿಲು ತೆರೆಯಿತು. ಯಜಮಾನರ ಸೊಸೆ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಹಿಂದಿನಿಂದ ಅತ್ತೆ ಕೂಗಿದರು. ಅವಳು ತಿರುಗಲಿಲ್ಲ. ಕೆಸರಿನಲ್ಲಿ ಬರಿಗಾಲಲ್ಲಿ ಇಡೀ ಅಂಗಳ ದಾಟಿ ಬಂದಳು. ಬಂದವಳೇ ಮಗುವನ್ನು ಪುಡಿಯಮ್ಮನ ಮಡಿಲಿಗೆ ಹಾಕಿದಳು. ಎರಡೂ ಕೈ ಖಾಲಿ ಬೇಕಿತ್ತು, ತೊಳೆಯಲು. ತೊಳೆದು, ಸೌಟು ಹಿಡಿದು, ಪೊಟ್ಟಣ ಹರಿದು ಬೆರೆಸಿದಳು. ಪುಡಿಯಮ್ಮ ಮಗುವಿನ ತಲೆ ಎತ್ತಿ ಹಿಡಿದಳು. ತಾಯಿ ಚಮಚದಲ್ಲಿ ಹನಿಸಿದಳು. ಮೊದಲೆರಡು ಚಮಚ ಹೊರಗೆ ಹರಿಯಿತು. ಮೂರನೆಯದು ಒಳಗಿಳಿಯಿತು.

"ನುಂಗಿದಳು" ಎಂದಳು ತಾಯಿ. ಅಂಗಳಕ್ಕೆಲ್ಲ ಕೇಳಿಸಿತು. ಬಾಗಿಲುಗಳು ಒಂದಾದ ಮೇಲೊಂದು ತೆರೆದವು.

ಮಧ್ಯಾಹ್ನಕ್ಕೆ ಸಾಲು ಗೇಟಿನ ತನಕ ಬೆಳೆದಿತ್ತು. ಹೆಡ್‌ಮಾಸ್ತರು ಬಂದು ಕೈ ತೊಳೆದು ನೀರು ತೆಗೆದುಕೊಂಡರು. ಹೋಗದೆ ಅಲ್ಲೇ ನಿಂತು, "ನಾನು ಹೊಳೆಯಿಂದ ಹೊರಲಾ?" ಎಂದರು. "ಕೊಡ ಅಲ್ಲಿದೆ" ಎಂದಳು ತಂಗಿ. ಕೊಡವಿಟ್ಟ ಕಡೆಗೆ ಅವರು ನಡೆದರು. ಸಾಲಿನಲ್ಲಿ ಕೋಣೆಯವರು, ಶೆಡ್ಡಿನವರು ಬೆರೆತುಹೋಗಿದ್ದರು. ಬಾಯಾರಿದವರಿಗೆ ಅಂತರ ಅಳೆಯುವ ತ್ರಾಣವಿರಲಿಲ್ಲ.

ಕೊನೆಗೆ ಯಜಮಾನರು ಬಂದರು. ಸಾಲು ತಾನಾಗಿ ಬಿಟ್ಟುಕೊಡುತ್ತದೆಂದು ಮುಂದೆ ನಡೆದರು. ಬಿಡಲಿಲ್ಲ. ಹಿಂದೆ ಹೋಗಿ, ಅಳಿಯನ ಬೆನ್ನ ಹಿಂದೆ ನಿಂತರು. "ಸ್ವಲ್ಪ ಹಿಂದೆ ಯಜಮಾನ್ರೆ, ಕಾಲು ತುಳೀತಿದೀರಿ" ಎಂದ ಅಳಿಯ, ತಿರುಗಿ ನೋಡದೆ.

ಅವರ ಸರದಿ ಬಂತು. ಡ್ರಮ್ಮಿನಿಂದ ಎರಡು ಮಾರು ದೂರ ನಿಂತು ಬೆಳ್ಳಿಯ ಚೊಂಬು ಮುಂದೆ ಚಾಚಿದರು. ಪುಡಿಯಮ್ಮ ಅಲುಗಲಿಲ್ಲ. ಅವರು ಹತ್ತಿರ ಬಂದರು. ಸೌಟನ್ನು ನೋಡಿದರು. ಬೆಳಗಿನಿಂದ ಇನ್ನೂರು ಕೈ ಹಿಡಿದ ಹಿಡಿ, ಒದ್ದೆಯಾಗಿತ್ತು. ಹೆಗಲ ಮೇಲಿನ ಶಾಲು ತೆಗೆದು, ಅದರ ಅಂಚನ್ನು ಹಿಡಿಗೆ ಸುತ್ತಿ, ಬಟ್ಟೆಯ ಮೇಲಿಂದ ಸೌಟು ಹಿಡಿದರು.

ಪುಡಿಯಮ್ಮ ಡ್ರಮ್ಮಿನ ಬಾಯಿಗೆ ಮುಚ್ಚಳ ಎಳೆದಳು.

"ಬಟ್ಟೆ ತೆಗೀರಿ."

"ಯಾಕೆ?"

"ಆ ಶಾಲಲ್ಲಿ ಆರು ದಿನದಿಂದ ಏನೇನು ಒರೆಸಿದೀರೋ. ಅದರ ತುದಿ ನೀರಿಗೆ ತಾಗಿದರೆ ಇಡೀ ಡ್ರಮ್ಮು ಕೆಡುತ್ತೆ. ನಿಮ್ಮ ಹಿಂದೆ ಜನ ಕಾಯ್ತಿದಾರೆ."

ಯಾರೂ ನಗಲಿಲ್ಲ. ಸಾಲು ನೋಡುತ್ತಿತ್ತು. ಯಜಮಾನರು ಶಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಬರಿಗೈಯನ್ನು ಸೌಟಿನ ಕಡೆ ಚಾಚಿದರು.

"ಕೈ" ಎಂದಳು ಪುಡಿಯಮ್ಮ.

ತಂಗಿ ಸೋಪು ಮುಂದೆ ಹಿಡಿದಳು. ಯಜಮಾನರು ಚೊಂಬನ್ನು ನೆಲಕ್ಕಿಟ್ಟರು. ಬಗ್ಗಿದರು. ಎರಡೂ ಕೈ ಜೋಡಿಸಿ ಮುಂದೆ ಒಡ್ಡಿದರು. ತಂಗಿ ಮೇಲಿನಿಂದ ನೀರು ಹೊಯ್ದಳು.

ಅವರು ಬೇಗ ಬೇಗ ಉಜ್ಜಿ ಕೈ ಹಿಂದೆ ತೆಗೆದುಕೊಳ್ಳಹೋದರು.

"ಉಗುರಿನ ಸಂದೀನೂ, ಯಜಮಾನ್ರೆ" ಎಂದಳು ಪುಡಿಯಮ್ಮ. "ನಿಧಾನ. ಎಲ್ಲರೂ ಕುಡಿಯೋ ನೀರು."